ಕಾಸು ಕೊಟ್ಟು ಕೊಂಡ ಇ-ಪುಸ್ತಕ, ಅದಕ್ಕೊಂದು ಬೀಗ: ಪ್ಲೇ ಬುಕ್ಸ್ ಮತ್ತು ಅಡೋಬ್ ಡಿಜಿಟಲ್ ಎಡಿಷನ್ಸ್

ಮುಂಬಯಿಯಲ್ಲಿ ಕನ್ನಡ ಪುಸ್ತಕ ಬೇಕೆಂದರೆ ಮಾಟುಂಗಾದಲ್ಲಿ ನಡೆಯುವ ಬಿಡುಗಡೆ ಸಮಾರಂಭಕ್ಕೆ ಕಾಯಬೇಕು, ಇಲ್ಲವೇ ಊರಿಗೆ ಹೋದವರ ಕೈಲಿ ತರಿಸಬೇಕು. ಡೊಂಬಿವಲಿ ಲೋಕಲ್‌ನಲ್ಲಿ ಓದುತ್ತ ಹೋಗುವವರಿಗೆ ಗೂಗಲ್ ಪ್ಲೇ ಬುಕ್ಸ್ ಎಂಬ ಇ-ಪುಸ್ತಕದಂಗಡಿ ಈ ಕೊರತೆಯನ್ನು ಬಹಳಷ್ಟು ನೀಗಿಸಿದೆ. (2016ರಲ್ಲಿ ಅಮೆಜಾನ್‌ನ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ತಂದಾಗ ಮರಾಠಿ ಇತ್ತು, ಕನ್ನಡ ಇರಲಿಲ್ಲ.) ಫೋನಿನಲ್ಲೇ ಓದುವುದಾದರೆ ಏನೂ ತಕರಾರಿಲ್ಲ. ಅದೇ ಪುಸ್ತಕವನ್ನು ಇ-ಇಂಕ್ ರೀಡರ್‌ಗೆ (ಪುಸ್ತಕ ಓದಲೆಂದೇ ಇರುವ, ಕಾಗದದಂತೆ ಕಾಣುವ ಪರದೆಯ ಸಾಧನ) ಹಾಕಲು ಹೊರಟಾಗ ಬೀಗ, ಅಂದರೆ ನಕಲು ತಡೆಯಲು ಫೈಲಿಗೆ ಹಾಕಿದ ಡಿಜಿಟಲ್ ರಕ್ಷಣೆ (ಡಿಆರ್‌ಎಂ), ಎದುರಾಗುತ್ತದೆ.

ಕಂಪ್ಯೂಟರಿನಲ್ಲಿ ಪ್ಲೇ ಬುಕ್ಸ್ ತೆರೆದು, ಪುಸ್ತಕದ ಪಕ್ಕದ ಮೂರು ಚುಕ್ಕೆ ಒತ್ತಿ, ‘ಎಕ್ಸ್‌ಪೋರ್ಟ್’ ಆರಿಸಿ. ಪ್ರಕಾಶಕರು ಬೀಗ ಹಾಕಿಲ್ಲದಿದ್ದರೆ ನೇರವಾಗಿ ಇಪಬ್ (ಇ-ಪುಸ್ತಕದ ಸಾಮಾನ್ಯ ಫೈಲ್ ಬಗೆ) ಇಲ್ಲವೇ ಪಿಡಿಎಫ್ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಬೀಗವಿದ್ದರೆ ಸಿಗುವುದು ಎಸಿಎಸ್‌ಎಂ ಫೈಲ್. ಕೆಲವೇ ಕೆಬಿ ತೂಗುವ ಇದರಲ್ಲಿ ಪುಸ್ತಕವೇ ಇರುವುದಿಲ್ಲ. ಪುಸ್ತಕ ಇಳಿಸಿಕೊಳ್ಳಲು ಕೊಟ್ಟ ಟೋಕನ್ ಅಷ್ಟೇ. ಅದಕ್ಕೆ ಅವಧಿಯೂ ಇದೆ. ಪೆನ್ ಡ್ರೈವ್‌ನಲ್ಲಿ ಅದನ್ನೇ ಜೋಪಾನ ಮಾಡಿದರೆ ಆಮೇಲೆ ತೆರೆಯುವುದಿಲ್ಲ.

ಈ ಟೋಕನ್ ತೆರೆದು ಪುಸ್ತಕ ಇಳಿಸಿಕೊಡುವುದು ಉಚಿತವಾಗಿ ಸಿಗುವ ಅಡೋಬ್ ಡಿಜಿಟಲ್ ಎಡಿಷನ್ಸ್ ಎಂಬ ಸಾಫ್ಟ್‌ವೇರ್. ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಎಸಿಎಸ್‌ಎಂ ಮುಟ್ಟುವ ಮೊದಲು ‘ಹೆಲ್ಪ್’ ಮೆನುವಿನ ‘ಆಥರೈಸ್ ಕಂಪ್ಯೂಟರ್’ಗೆ (ಕಂಪ್ಯೂಟರನ್ನು ನಿಮ್ಮ ಖಾತೆಗೆ ಜೋಡಿಸುವ ಆಯ್ಕೆ) ಹೋಗಿ ಅಡೋಬ್ ಖಾತೆಯ ಐಡಿ ಕೊಡಿ. ‘ಐಡಿ ಇಲ್ಲದೆ’ ಎಂಬ ಆಯ್ಕೆಯನ್ನು ದಯವಿಟ್ಟು ಒತ್ತಬೇಡಿ. ಒತ್ತಿದರೆ ಪುಸ್ತಕ ಆ ಒಂದು ಕಂಪ್ಯೂಟರಿಗೇ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಐಡಿ ಬಳಸುವುದೂ ಬೇಡ. ಒಂದು ಐಡಿಯಲ್ಲಿ ತೆರೆದ ಟೋಕನ್ನನ್ನು ಇನ್ನೊಂದು ಐಡಿಯಲ್ಲಿ ತೆರೆದರೆ ‘ಆಲ್‌ರೆಡಿ ಫುಲ್‌ಫಿಲ್ಡ್ ಬೈ ಅನದರ್ ಯೂಸರ್’ ಎಂಬ ಎರರ್ ಬರುತ್ತದೆ.

ಇಳಿದ ಅಸಲಿ ಪುಸ್ತಕ ಡಾಕ್ಯುಮೆಂಟ್ಸ್‌ನೊಳಗಿನ ‘ಮೈ ಡಿಜಿಟಲ್ ಎಡಿಷನ್ಸ್’ ಫೋಲ್ಡರಿನಲ್ಲಿರುತ್ತದೆ. ಬ್ಯಾಕಪ್ ತೆಗೆಯಬೇಕಾದ್ದು ಇದನ್ನು. ಅದೇ ಐಡಿ ಕೊಟ್ಟ ಯಾವ ಯಂತ್ರದಲ್ಲಾದರೂ ಇದು ತೆರೆಯುತ್ತದೆ. ಕೋಬೊ, ಪಾಕೆಟ್‌ಬುಕ್ ರೀಡರ್‌ಗಳನ್ನು ಯುಎಸ್‌ಬಿಯಲ್ಲಿ ಜೋಡಿಸಿ, ಅವನ್ನೂ ಆಥರೈಸ್ ಮಾಡಿ, ಪುಸ್ತಕವನ್ನು ಎಳೆದು ಹಾಕಿದರೆ ಸಾಕು. ಕಿಂಡಲ್‌ಗೆ ಈ ದಾರಿಯೇ ಇಲ್ಲ, ಅಡೋಬ್ ಬೀಗ ಅದಕ್ಕೆ ಅರ್ಥವಾಗದು. ಇ-ಪುಸ್ತಕಗಳನ್ನು ಜೋಡಿಸಿಡುವ ಕ್ಯಾಲಿಬರ್ ಎಂಬ ಸಾಫ್ಟ್‌ವೇರ್ ಕೂಡ ಬೀಗವಿದ್ದ ಪುಸ್ತಕವನ್ನು ಪಟ್ಟಿಯಲ್ಲಿ ತೋರಿಸುತ್ತದೆ, ತೆರೆಯುವುದಿಲ್ಲ.

ಒಂದು ಐಡಿಗೆ 6 ಕಂಪ್ಯೂಟರ್ ಮಿತಿ. ಹಳೆ ಲ್ಯಾಪ್‌ಟಾಪನ್ನು ಲ್ಯಾಮಿಂಗ್ಟನ್ ರೋಡಿಗೆ ಒಯ್ದು ಮಾರುವ ಮುಂಚೆ ಕಂಟ್ರೋಲ್-ಶಿಫ್ಟ್-ಡಿ ಒತ್ತಿ ಆಥರೈಸೇಶನ್ ಅಳಿಸಿ. ಇಲ್ಲದಿದ್ದರೆ ಆ ಯಂತ್ರ ಲೆಕ್ಕದಲ್ಲೇ ಉಳಿದು, ಮುಂದೊಂದು ದಿನ ‘ಟೂ ಮೆನಿ ಆಕ್ಟಿವೇಶನ್ಸ್’ ಎಂದು ಹೊಸ ಯಂತ್ರದಲ್ಲಿ ಅಡ್ಡಗಟ್ಟುತ್ತದೆ. ಆಗ ಅಡೋಬ್ ಸಪೋರ್ಟ್‌ನವರಿಂದಲೇ ರೀಸೆಟ್ ಮಾಡಿಸಬೇಕು.

ಬೀಗ ಒಡೆಯುವ ಸಾಫ್ಟ್‌ವೇರ್ ಬಗ್ಗೆ ಕೇಳುವವರು ಇದ್ದೇ ಇರುತ್ತಾರೆ. 2012ರ ತಿದ್ದುಪಡಿಯಲ್ಲಿ ಬಂದ ಹಕ್ಕುಸ್ವಾಮ್ಯ ಕಾಯ್ದೆಯ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡವಿದೆ. ಮೇಲಿನ ದಾರಿಗೆ ಅದರ ಅಗತ್ಯವೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಪ್ಲೇ ಬುಕ್ಸ್ ಧಾರಾಳವಾಗಿ ಕೊಳ್ಳಬಹುದಾದ ಅಂಗಡಿ. ಡಿಜಿಟಲ್ ಎಡಿಷನ್ಸ್ ಹಳತಾಗಿ ಕಂಡರೂ ಕೆಲಸಕ್ಕೆ ಬರುತ್ತದೆ. ಕೊಂಡ ದಿನವೇ ಎಕ್ಸ್‌ಪೋರ್ಟ್ ಮಾಡಿ, ರೀಡರ್‌ಗೆ ಹಾಕಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನಾಲ್ಕು ಪುಟ ತಿರುವಿ ನೋಡಿ. ಕೆಟ್ಟಿದ್ದರೆ 7 ದಿನದೊಳಗೆ ರೀಫಂಡ್ ಕೇಳಬಹುದು.