ಮುಸ್ಸಂಜೆಯ ಕಾಗೆಗಳಿಗೆ ಒಪ್ಪುವ ದುರ್ಬೀನು: ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42

ಅಮೆರಿಕದ ಸಿಯಾಟಲ್ ನಗರಕ್ಕೆ ಹತ್ತಿರದ ಬಾಥೆಲ್ ಊರಿನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣಕ್ಕೆ ಚಳಿಗಾಲದ ಸಂಜೆಗಳಲ್ಲಿ ಸಾವಿರಾರು ಕಾಗೆಗಳು ರಾತ್ರಿ ತಂಗಲು ಬರುತ್ತವೆ. ಅವುಗಳ ಸಂಖ್ಯೆ 16,000ದವರೆಗೂ ಏರುವುದುಂಟು. ಡಿಸೆಂಬರಿನಲ್ಲಿ ಇಲ್ಲಿ 4.20ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಕಪ್ಪು ಹಕ್ಕಿಯನ್ನು ಕತ್ತಲಾಗುವ ಹೊತ್ತಿನಲ್ಲಿ ನೋಡಲು ಎಂಥ ದುರ್ಬೀನು ಬೇಕೆಂಬುದು ನನಗೆ ಎರಡನೆಯ ಚಳಿಗಾಲದಲ್ಲಿ ತಿಳಿಯಿತು.

ಮೊದಲ ವರ್ಷ ನನ್ನ ಬಳಿ ಇದ್ದದ್ದು ಜೇಬಿನಲ್ಲಿ ಹಿಡಿಯುವ 10×25 ದುರ್ಬೀನು. ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೊಂಡಿದ್ದೆ. ಹಗಲಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹೊತ್ತು ಮುಳುಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಕಾಗೆ, ಕೊಂಬೆ, ಮೋಡ ಎಲ್ಲವೂ ಒಂದೇ ಮಸಿಯಾಗಿಬಿಡುತ್ತಿದ್ದವು. ಇದರ ಹಿಂದಿನ ಲೆಕ್ಕ ಸರಳ. ಮುಂದಿನ ಮಸೂರದ ವ್ಯಾಸವನ್ನು (ಹೆಸರಿನ ಎರಡನೆಯ ಸಂಖ್ಯೆ, ಮಿ.ಮೀ.ಗಳಲ್ಲಿ), ದುರ್ಬೀನು ಎಷ್ಟು ಪಟ್ಟು ಹಿಗ್ಗಿಸುತ್ತದೋ ಆ ಮೊದಲ ಸಂಖ್ಯೆಯಿಂದ ಭಾಗಿಸಿದರೆ, ಕಣ್ಣಿಗೆ ಬಂದು ಸೇರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 10×25ರಲ್ಲಿ ಅದು 2.5 ಮಿ.ಮೀ. ಮಾತ್ರ, ಈಗ ನನ್ನ ಬಳಿ ಇರುವ ಸೆಲೆಸ್ಟ್ರಾನ್ ಕಂಪನಿಯ ನೇಚರ್ ಡಿಎಕ್ಸ್ 8×42ರಲ್ಲಿ 5.25 ಮಿ.ಮೀ. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನ ಪಾಪೆ ಸಾಮಾನ್ಯವಾಗಿ 5 ಮಿ.ಮೀ.ಗಿಂತಲೂ ಅಗಲವಾಗಿ ಅರಳುತ್ತದೆ, ವಯಸ್ಸಾದವರಲ್ಲಿ ತುಸು ಕಡಿಮೆ. ಹಾಗೆ ಅರಳಿದ ಕಣ್ಣಿಗೆ ಸಣ್ಣ ದುರ್ಬೀನು ಬಡಿಸುವುದು ಅರೆಹೊಟ್ಟೆಯ ಊಟ.

ನೇಚರ್ ಡಿಎಕ್ಸ್‌ನ ಇನ್ನೊಂದು ಗುಣ ಅದರ ಅಗಲವಾದ ನೋಟ. ಸಾವಿರ ಮೀಟರ್ ದೂರದಲ್ಲಿ ಸುಮಾರು 129 ಮೀಟರ್ ಅಗಲದ ದೃಶ್ಯ ಒಮ್ಮೆಗೇ ಕಾಣುವುದರಿಂದ, ಹಾರಿ ಬರುವ ಸಾಲನ್ನು ಕೈಬಿಡದೆ ಹಿಂಬಾಲಿಸಬಹುದು. ಕಾಗೆಗಳು ಬಂದ ಕೂಡಲೇ ಮಲಗುವ ಮರಕ್ಕೆ ಹೋಗುವುದಿಲ್ಲ. ಮೊದಲು ಕಟ್ಟಡಗಳ ಮೇಲೆ, ಆಟದ ಮೈದಾನದಲ್ಲಿ ಗುಂಪುಗೂಡಿ, ಗದ್ದಲವೆಬ್ಬಿಸಿ, ಕತ್ತಲು ಕವಿಯುವಾಗ ನಾರ್ತ್ ಕ್ರೀಕ್ ತೊರೆಯ ಜೌಗುನೆಲದ ಮರಗಳಿಗೆ ಇಳಿಯುತ್ತವೆ. ಹಳೆಯ ದುರ್ಬೀನು ತೋರಿಸದೆ ಬಿಟ್ಟದ್ದು ಈ ಕೊನೆಯ ಇಳಿತವನ್ನೇ. ಕಳೆದ ವಾರ ಒಂದು ಕಾಗೆ ಬೆರಳು ದಪ್ಪದ ವಿಲೋ ಟೊಂಗೆಯ ತುದಿಗೆ ಇಳಿದು, ಟೊಂಗೆ ಬಾಗಿದಾಗ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಆಯ ಹಿಡಿದದ್ದನ್ನೂ, ಪಕ್ಕದ ಕಾಗೆ ಒಂದೊಂದೇ ಹೆಜ್ಜೆ ಸರಿದು ಜಾಗ ಮಾಡಿಕೊಟ್ಟದ್ದನ್ನೂ, ಅದರ ಕೊಕ್ಕಿನ ತುದಿಯಲ್ಲಿ ಮಳೆಹನಿಯೊಂದು ತೂಗುತ್ತಿದ್ದುದನ್ನೂ ಸ್ಪಷ್ಟವಾಗಿ ಕಂಡೆ. ಊರಿನಲ್ಲಿ ಪಿಂಡವಿಟ್ಟು ಕಾಗೆಯ ದಾರಿ ಕಾಯುತ್ತ ಬೆಳೆದ ನಾನು ಕಾಗೆಯ ಮುಖವನ್ನು ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಒಳಗೆ ನೀರಿಳಿಯದ ಕಟ್ಟು ಈ ದುರ್ಬೀನಿಗೆ ಇರುವುದರಿಂದ ಇಲ್ಲಿನ ಬಿಡದ ಜಿನುಗು ಮಳೆಗೆ ಹೆದರಬೇಕಿಲ್ಲ. 10×42 ಕೊಳ್ಳೋಣವೇ ಎಂದು ಕೇಳುವವರಿಗೆ ನಾನು ಬೇಡವೆನ್ನುತ್ತೇನೆ: ಬೆಳಕಿನ ವೃತ್ತ 4.2 ಮಿ.ಮೀ.ಗೆ ಇಳಿಯುತ್ತದೆ, ಚಳಿಗೆ ನಡುಗುವ ಕೈಯ ಅಲುಗಾಟವೂ ಹೆಚ್ಚು ಕಾಣುತ್ತದೆ. ನನ್ನ 8×42ರ ತೂಕ ಸುಮಾರು 630 ಗ್ರಾಂ ಆಗುವುದರಿಂದ, ಕುತ್ತಿಗೆಯ ಪಟ್ಟಿಯ ಬದಲು ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿಯನ್ನು ಜೊತೆಗೇ ಕೊಂಡರೆ ಒಂದು ಗಂಟೆ ತಲೆಯೆತ್ತಿ ನಿಂತರೂ ನೋವಾಗುವುದಿಲ್ಲ.