ಯುರೋಪಾಸ್: ವಿದೇಶದ ಕೆಲಸಕ್ಕೆ ನಮ್ಮನ್ನು ಪರಿಚಯಿಸಿಕೊಳ್ಳಲು ಒಳ್ಳೆ ಸೇವೆ

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಜರ್ಮನಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಬೇಕು ಅನ್ನೋದು ಬಹುದಿನದ ಆಸೆ. ಅರ್ಜಿಗೆ ಸಿವಿ ತಯಾರಿಸಲು ಯುರೋಪಾಸ್ ಅನ್ನೋ ವೆಬ್‌ಸೈಟ್ ಬಳಸಿದೆ. ಯುರೋಪಿಯನ್ ಒಕ್ಕೂಟ 2005ರಲ್ಲಿ ಶುರು ಮಾಡಿ, 2020ರಲ್ಲಿ ಹೊಸ ರೂಪ ಕೊಟ್ಟ ಸೇವೆ ಇದು. ಪೂರ್ತಿ ಉಚಿತ.

ನನಗೆ ತುಂಬಾ ಹಿಡಿಸಿದ್ದು ಭಾಷೆಯ ಭಾಗ. 'ಜರ್ಮನ್ ಚೆನ್ನಾಗಿ ಬರುತ್ತೆ' ಅಂತ ಬರೆದರೆ ಓದುವವರಿಗೆ ಏನು ಗೊತ್ತಾಗುತ್ತೆ? ಇಲ್ಲಿ ಕೇಳುವುದು, ಓದುವುದು, ಮಾತುಕತೆ, ವಿವರಿಸಿ ಹೇಳುವುದು, ಬರೆಯುವುದು ಅಂತ ಐದು ಕಾಲಂ ಇವೆ. ಒಂದೊಂದಕ್ಕೂ ಎ1ರಿಂದ (ಈಗಷ್ಟೇ ಕಲಿಯುತ್ತಿರುವವರ ಮಟ್ಟ) ಸಿ2ವರೆಗೆ (ಭಾಷೆಯ ಮೇಲೆ ಪೂರ್ತಿ ಹಿಡಿತ) ಬೇರೆ ಬೇರೆ ಮಟ್ಟ ತೋರಿಸಬಹುದು. ನಾನು ಓದುವುದಕ್ಕೆ ಬಿ2, ಮಾತುಕತೆಗೆ ಬಿ1 ಹಾಕಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ನೆಮ್ಮದಿ ಸಿಕ್ಕಿತು.

'ನನ್ನ ಬಗ್ಗೆ' ಅನ್ನೋ ಖಾಲಿ ಜಾಗವನ್ನು ಮಾತ್ರ ನಾವೇ ಯೋಚಿಸಿ ತುಂಬಬೇಕು. ಅಲ್ಲಿ 'ಶ್ರಮಜೀವಿ, ಎಲ್ಲರೊಂದಿಗೆ ಹೊಂದಿಕೊಳ್ಳುವವಳು' ಅಂತ ಸುಮ್ನೆ ಬರೆಯಬೇಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ ಅಲ್ವಾ? ನಾನು ಬರೆದದ್ದು ಹೀಗೆ: 'ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಆರೈಕೆ ನನ್ನ ಕೆಲಸ. ರಾತ್ರಿ ಪಾಳಿಯಲ್ಲಿ ವೆಂಟಿಲೇಟರ್‌ನಲ್ಲಿರುವ ಮಗುವನ್ನು ನೋಡಿಕೊಳ್ಳುತ್ತೇನೆ. ಮಗುವನ್ನು ಮೊದಲ ಸಲ ಎದೆಗೊರಗಿಸಿಕೊಳ್ಳುವ ತಾಯಿಗೆ ಪಕ್ಕದಲ್ಲೇ ನಿಂತು ಹೇಳಿಕೊಡುತ್ತೇನೆ.' ನಾವು ಮಾಡುವ ಕೆಲಸ ಓದುವವರ ಕಣ್ಣಿಗೆ ಕಟ್ಟಬೇಕು.

ವಿನ್ಯಾಸಗಳು ಸರಳ, ಆಯ್ಕೆ ಜಾಸ್ತಿ ಇಲ್ಲ. ಡಿಸೈನ್ ಕ್ಷೇತ್ರದವರಿಗೆ ಸಾಲದೇನೋ. ಆಸ್ಪತ್ರೆ, ಕಾರ್ಖಾನೆ, ಲ್ಯಾಬ್ ಕೆಲಸಕ್ಕೆ ಧಾರಾಳವಾಗಿ ಸಾಕು. ಒಮ್ಮೆ ಪ್ರೊಫೈಲ್ ತುಂಬಿಟ್ಟರೆ, ಪ್ರತಿ ಅರ್ಜಿಗೂ ಬೇಕಾದ್ದನ್ನಷ್ಟೇ ಆರಿಸಿ ಹೊಸ ಸಿವಿ ಮಾಡಿಕೊಳ್ಳಬಹುದು. ಕವರ್ ಲೆಟರ್ ಕೂಡ ಅಲ್ಲೇ ಬರೆಯಬಹುದು.