ಇಸಿ ಕ್ಲೀನ್ ಇದೆ ಅಂತ ಹಳೇ ಮನೆ ತಗೊಂಡು ಸಿಕ್ಕಾಕೊಂಡಿದೀನಿ, ನೀವು ಹುಷಾರು

ಹಾಸನ ಕಡೆ ಹಳೇ ಮನೆ ತಗೊಂಡು ರಿಪೇರಿ ಮಾಡಿ ಮಾರಿ ನಾಲ್ಕು ಕಾಸು ಮಾಡೋಣ ಅಂತ ಲೆಕ್ಕ ಹಾಕ್ತಾ ಇರೋರು ಇದನ್ನ ಓದಿ ಆಮೇಲೆ ಅಡ್ವಾನ್ಸ್ ಕೊಡಿ.

2024ರಲ್ಲಿ ಸಾಲಗಾಮೆ ರೋಡ್ ಕಡೆ ಒಂದು ಹೆಂಚಿನ ಮನೆ, ತರ್ಟಿ ಫಾರ್ಟಿ ಸೈಟು, 38 ಲಕ್ಷಕ್ಕೆ ಕುದುರ್ತು. ಮಾರ್ತಾ ಇದ್ದಿದ್ದು ತಾಯಿ ಮಗ, ಅಪ್ಪ ತೀರ್ಕೊಂಡಿದ್ರು, ಖಾತೆ ಮಗನ ಹೆಸರಿಗೆ ಆಗಿತ್ತು, ಕಂದಾಯ ಕಟ್ಟಿದ ರಸೀದಿ ಇತ್ತು, ನಾನು 30 ವರ್ಷದ ಇಸಿ (ಆಸ್ತಿ ಮೇಲೆ ಸಾಲ, ಮಾರಾಟ ಏನೇನು ರಿಜಿಸ್ಟರ್ ಆಗಿದೆ ಅಂತ ತೋರ್ಸೋ ಋಣಭಾರ ಪತ್ರ) ತೆಗೆಸ್ದೆ, ಒಂದು ಸಾಲ ಇಲ್ಲ ಏನಿಲ್ಲ. ಇನ್ನೇನ್ ಬೇಕು ಅಂದ್ಕೊಂಡೆ. ಅರ್ಧ ಉಳಿಸಿದ್ದ ದುಡ್ಡು, ಅರ್ಧ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೈಸಾಲ. ಬ್ಯಾಂಕ್ ಲೋನ್ ಬೇಡ, ಓಡಾಟ ಜಾಸ್ತಿ ಅಂತ ಬಿಟ್ಟೆ. ಅಲ್ಲೇ ಕೆಟ್ಟಿದ್ದು.

ಸ್ಟಾಂಪ್ ಡ್ಯೂಟಿ, ಸೆಸ್ಸು, ಸರ್ಚಾರ್ಜು, ರಿಜಿಸ್ಟ್ರೇಷನ್ ಸೇರಿ ಆಗ 6.6%, ಅಲ್ಲೇ ಎರಡೂವರೆ ಲಕ್ಷ ಹೋಯ್ತು. (2025 ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀಸು 1% ಇದ್ದಿದ್ದು 2% ಆಗಿದೆ, ಈಗ ತಗೊಳೋರು 7.6 ಅಂತ ಹಾಕ್ಕೊಳಿ.) ರಿಪೇರಿಗೆ 6 ಲಕ್ಷ ಅಂದ್ಕೊಂಡಿದ್ದೆ. ಹೆಂಚು ಇಳಿಸಿ ನೋಡಿದ್ರೆ ತೊಲೆ ಒಳಗೆಲ್ಲಾ ಗೆದ್ದಲು, ಬೆರಳಲ್ಲಿ ಒತ್ತಿದ್ರೆ ರವೆ ಥರ ಉದುರ್ತಿತ್ತು, ಗೋಡೆ ಮಳೆಗೆ ನೀರು ಕುಡ್ಕೊಂಡು ಕೂತಿತ್ತು. 9 ಲಕ್ಷ 40 ಸಾವಿರ ಆಯ್ತು. ಅದು ಹೋಗ್ಲಿ ಬಿಡಿ, 58ಕ್ಕೆ ಮಾರಿದ್ರೆ ಎಲ್ಲಾ ಕಳೆದು ಏನೋ ಉಳಿಯುತ್ತೆ ಅಂತ ಇದ್ದೆ. ಎರಡು ವರ್ಷದೊಳಗೆ ಮಾರಿದ್ರೆ ಆ ಲಾಭ ನಿಮ್ಮ ಆದಾಯಕ್ಕೆ ಸೇರಿ ಸ್ಲಾಬ್ ಪ್ರಕಾರ ಟ್ಯಾಕ್ಸ್ ಬೀಳುತ್ತೆ ಅಂತ ನಂಗೆ ಆಡಿಟರ್ ಹೇಳಿದ್ದೂ ಆಮೇಲೇನೆ.

ಕೆಲಸ ನಡೀತಿದ್ದಾಗ ಒಂದಿನ ಒಬ್ರು ಹೆಂಗಸು ಛತ್ರಿ ಹಿಡ್ಕೊಂಡು ಬಂದು ಗೇಟಲ್ಲಿ ನಿಂತಿದ್ರು. "ಈ ಬಾಗಿಲೂ ತೆಗೀತೀರಾ?" ಅಂದ್ರು. ನಾನು ಹಳೇ ಮರ ಕೇಳೋಕ್ ಬಂದಿರ್ಬೇಕು ಅಂದ್ಕೊಂಡು "ಮರಮುಟ್ಟೆಲ್ಲಾ ಗುಜರಿಯವ್ರಿಗೆ ಮಾತಾಡಾಗಿದೆ ಅಮ್ಮ" ಅಂದೆ. ಸುಮ್ನೆ ಹೋದ್ರು.

ಪಾರ್ಟಿ ಸಿಕ್ತು, ಅವ್ರು ಬ್ಯಾಂಕ್ ಲೋನ್‌ಗೆ ಹಾಕಿದ್ರು. ಬ್ಯಾಂಕಿನ ಲಾಯರ್ ಪೇಪರ್ ನೋಡಿ ಕೇಳಿದ್ದು ಒಂದೇ ಮಾತು, "ವಂಶವೃಕ್ಷ ಎಲ್ರೀ? ಸತ್ತವ್ರಿಗೆ ಹೆಣ್ಮಕ್ಳು ಇಲ್ವಾ?" ನಾನು ಅವತ್ತು ಸಂಜೆ ಹೋಗಿ ಪಕ್ಕದ ಮನೆ ಅಜ್ಜೀನ ಕೇಳಿದ್ರೆ "ಅಯ್ಯೋ, ಸಕಲೇಶಪುರಕ್ಕೆ ಕೊಟ್ಟವ್ರಲ್ಲಪ್ಪ ಮಗಳ್ನ" ಅಂತು. ಒಂದೂವರೆ ವರ್ಷ ಅದೇ ಅಜ್ಜಿ ಮನೇಲಿ ಕಾಫಿ ಕುಡಿದಿದೀನಿ, ಒಂದಿನ ಕೇಳಿಲ್ಲ!

ಇಸಿಲಿ ರಿಜಿಸ್ಟರ್ ಆಗಿರೋದಷ್ಟೇ ಬರೋದು ಕಣ್ರೀ. ಮನೇಲಿ ಎಷ್ಟು ಜನ ವಾರಸುದಾರರು ಅಂತ ಅದು ಹೇಳಲ್ಲ. ಖಾತೆ ಅಂದ್ರೆ ಕಂದಾಯ ಕಟ್ಟೋಕೆ, ಮಾಲೀಕತ್ವ ಅಲ್ಲ. ಅಪ್ಪ ಸ್ವಂತ ದುಡ್ಡಲ್ಲಿ ತಗೊಂಡಿದ್ದು, ವಿಲ್ ಬರೆದಿಲ್ಲ, ಹಾಗಾಗಿ ಹೆಂಡ್ತಿ, ಮಗ, ಮಗಳು ಮೂರು ಜನಕ್ಕೂ ಸಮ ಪಾಲು. ನಾನು ದುಡ್ಡು ಕೊಟ್ಟು ತಗೊಂಡಿದ್ದು ಮೂರರಲ್ಲಿ ಎರಡು ಭಾಗ, ರಿಪೇರಿ ಮಾಡ್ಸಿದ್ದು ಪೂರ್ತಿ ಮನೆ. ಪಾರ್ಟಿ ಅಡ್ವಾನ್ಸ್ ವಾಪಸ್ ಇಸ್ಕೊಂಡು ಹೋದ್ರು. ಮಾರಿದವ್ನು ಫೋನ್ ಎತ್ತಲ್ಲ. ಆ ಮಗಳು ಕೋರ್ಟಿಗೆ ಹೋಗಿ ಸ್ಟೇ ತಂದ್ರೆ ನನ್ ಬಡ್ಡಿ ಮಾತ್ರ ನಿಲ್ಲಲ್ಲ.

ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕ್ಸೋಣ ಅಂತ ಸಕಲೇಶಪುರಕ್ಕೆ ಹೋದೆ. ಬಾಗಿಲು ತೆಗೆದವ್ರು ಅದೇ ಛತ್ರಿ ಅಮ್ಮ. ಕೂರ್ಸಿ ಕಾಫಿ ಕೊಟ್ರು. "ದುಡ್ಡಿನ ಮಾತು ಆಮೇಲೆ, ನಮ್ಮಪ್ಪ ಮಾಡ್ಸಿದ್ ಬಾಗಿಲು ಎಲ್ಲಿದೆ ಹೇಳಿ" ಅಂದ್ರು. ಗುಜರಿಯವ್ನ ಕೇಳಿದ್ರೆ ಚಿಕ್ಕಮಗಳೂರು ಕಡೆ ಯಾವ್ದೋ ಹೋಮ್‌ಸ್ಟೇಯವ್ರು ತಗೊಂಡೋದ್ರಂತೆ. ಹಲಸಿನ ಮರದ್ದು, ಮೇಲ್ಗಡೆ ಪಟ್ಟೀಲಿ ಎರಡು ಗಿಣಿ ಕೆತ್ತಿದೆ, ಯಾರಾದ್ರೂ ನೋಡಿದ್ರೆ ಹೇಳ್ರಪ್ಪ.